ಆಡಿದ ಮಾತನ್ನೇ ಬರೆಯಿರಿ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: ತಾಯಿಯ ಪಾಲಿನ ದಾವೆಯಲ್ಲಿ ವಾದ ಮುಗಿದು 7 ತಿಂಗಳಾದರೂ ತೀರ್ಪು ಬಂದಿಲ್ಲ. ಬೇಗ ಮುಗಿಸಿಕೊಡಿ ಎಂದು ಕೈಮುಗಿದ 72ರ ತಾಯಿಗೆ ನ್ಯಾಯಾಧೀಶರು ತುಂಬಿದ ಕೋರ್ಟಿನಲ್ಲಿ ‘ಸಾಯೋದ್ರೊಳಗೆ ಸಿಗುತ್ತೆ, ಹೋಗಮ್ಮ’ ಎಂದರಂತೆ. ದೂರು ಕೊಟ್ಟರೆ ನ್ಯಾಯಾಂಗ ನಿಂದನೆಯಾಗುತ್ತದೆಯೇ ಎಂದು ಕೇಳಿದ್ದಾರೆ.

ಖಂಡಿತ ಆಗುವುದಿಲ್ಲ. ಕೆಳ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದುದ್ದೇಶದಿಂದ ಹೈಕೋರ್ಟಿಗೆ ಹೇಳಿಕೊಂಡರೆ ನಿಂದನೆಯಲ್ಲವೆಂದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಮಿನಲ್ಲೇ ಇದೆ. ಅದೇ ಮಾತನ್ನು ವಾಟ್ಸಾಪಿನಲ್ಲಿ ಹರಿಯಬಿಟ್ಟರೆ ಮಾತ್ರ ಆ ಕಲಮು ನಿಮ್ಮ ಬೆನ್ನಿಗಿರುವುದಿಲ್ಲ.

ತೀರ್ಪು ನಿಮ್ಮ ವಿರುದ್ಧ ಬಂದರೆ ದಾರಿ ಮೇಲ್ಮನವಿಯೇ. ಬರೀ ಆದೇಶ ತಪ್ಪೆಂದು ನ್ಯಾಯಾಧೀಶರ ಮೇಲೆ ಶಿಸ್ತುಕ್ರಮ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲೂ ಹೇಳಿದೆ. ಅದು ಸರಿ, ಇಲ್ಲವಾದರೆ ಜಾಮೀನು ಕೊಡಲೂ ಅವರ ಕೈ ನಡುಗುತ್ತದೆ. ನಿಮ್ಮ ತಾಯಿಗೆ ಆಡಿದ ಮಾತು, ಎಳೆದ ತಿಂಗಳುಗಳು ಬೇರೆ. ವಾದ ಮುಗಿದ 30 ದಿನದಲ್ಲಿ, ಅಸಾಧಾರಣ ಕಾರಣವಿದ್ದರೂ ಸಾಮಾನ್ಯವಾಗಿ 60 ದಿನ ಮೀರದಂತೆ ತೀರ್ಪು ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ.

ಮೊದಲು ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿ. ‘ತೀರ್ಪಿಗೆ’ ಎಂದು ಇಟ್ಟ ದಿನಾಂಕ, ಆಮೇಲಿನ ಒಂದೊಂದು ವಾಯಿದೆ ಅದರಲ್ಲೇ ಸಿಗುತ್ತವೆ. ಆ ಮಾತು ಕೇಳಿದ ದಿನ, ಹೊತ್ತು, ಕೋರ್ಟ್ ಹಾಲ್ ನಂಬರು, ಪಕ್ಕದಲ್ಲಿದ್ದವರು ಯಾರು, ಎಲ್ಲ ಬರೆಯಿರಿ. ‘ದುರ್ವರ್ತನೆ ತೋರಿದರು’ ಎಂದರೆ ಸಾಲದು, ಅವರು ಆಡಿದ ಮಾತು ಹಾಗೇ ಬರಲಿ. ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ, ಅಠಾರಾ ಕಚೇರಿಯಲ್ಲಿ ಹೈಕೋರ್ಟಿನ ವಿಜಿಲೆನ್ಸ್ ರಿಜಿಸ್ಟ್ರಾರರಿಗೆ ಸಲ್ಲಿಸಿ. ಹೆಸರಿಲ್ಲದ ಅರ್ಜಿ ಮೂಲೆ ಸೇರುತ್ತದೆ.

ಸಂವಿಧಾನದ 235ನೇ ವಿಧಿಯಂತೆ ಕೆಳ ನ್ಯಾಯಾಲಯಗಳು ಹೈಕೋರ್ಟಿನ ಹಿಡಿತದಲ್ಲಿವೆ. ಹುರುಳಿದೆ ಎನಿಸಿದರೆ ವಿವರಣೆ ಕೇಳಿ, ಆರೋಪಪಟ್ಟಿ ಕೊಟ್ಟು, ಇಲಾಖಾ ವಿಚಾರಣೆ ನಡೆಸುತ್ತಾರೆ. ಛೀಮಾರಿಯಿಂದ ವಜಾವರೆಗೆ ಶಿಕ್ಷೆಯ ಮೆಟ್ಟಿಲುಗಳಿವೆ.

ಹೈಕೋರ್ಟಿನ ನ್ಯಾಯಮೂರ್ತಿಗಳ ವಿಷಯದಲ್ಲಿ ಕಾನೂನು ಇಟ್ಟಿರುವ ಮೆಟ್ಟಿಲು ಒಂದೇ, ಪದಚ್ಯುತಿ. ಅದಕ್ಕೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ, ಮೂವರ ಸಮಿತಿ, ಎರಡೂ ಸದನಗಳ ವಿಶೇಷ ಬಹುಮತ ಬೇಕು. ನಮ್ಮಲ್ಲೇ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಭೂ ಕಬಳಿಕೆ ಆರೋಪವನ್ನು ಅಲ್ಲಗಳೆದಿದ್ದರು. ಸಮಿತಿಯ ವಿಚಾರಣೆ ಮುಗಿಯುವ ಮೊದಲೇ 2011ರಲ್ಲಿ ರಾಜೀನಾಮೆ ಕೊಟ್ಟರು. ನಿಜವೇನೆಂದು ಆ ಸಮಿತಿಯಿಂದ ನಮಗೆ ತಿಳಿಯದೇ ಹೋಯಿತು.

ನನ್ನನ್ನು ಕಾಡುವುದು ಇದೇ ಮೌನ. ತನಿಖೆ ಗೋಪ್ಯವಾಗಿಯೇ ನಡೆಯಲಿ, ಸುಳ್ಳು ದೂರಿನಿಂದ ಒಳ್ಳೆಯ ನ್ಯಾಯಾಧೀಶರ ಮಾನ ಹೋಗಬಾರದು. ಆದರೆ ನಿಮ್ಮ ಅರ್ಜಿ ಇಂಥ ದಿನ, ಇಂಥ ಕಾರಣಕ್ಕೆ ಮುಗಿಯಿತು ಎಂಬ ಎರಡು ಸಾಲಾದರೂ ಆ ತಾಯಿಗೆ ತಲುಪಬೇಕು.

ಅರ್ಜಿ ಕೊಟ್ಟಾಗ ಸೀಲು ಹಾಕಿಸಿದ ಸ್ವೀಕೃತಿ ಕೇಳಿ ಪಡೆಯಿರಿ. ಅದರ ಒಂದು ಪ್ರತಿ ನಮಗೂ ಕಳಿಸಿ. 3 ತಿಂಗಳಾದರೂ ಉತ್ತರ ಬಾರದಿದ್ದರೆ ಪತ್ರಿಕೆಯ ಪರವಾಗಿ ನಾನೇ ಬರೆದು ಕೇಳುತ್ತೇನೆ.

ಸಂಪಾದಕ