ಹುಡುಗಿಯರೇ ಇರುವ ಶಾಲೆಯಲ್ಲಿ ಗಣಿತ, ಎಂಜಿನಿಯರಿಂಗ್ ಕಡೆ ಆಸೆ ಹುಟ್ಟಿಸುವುದು ಹೇಗೆ?

ನೀವು ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಗಣಿತ ಕಲಿಸಲು ಹೊಸದಾಗಿ ಸೇರಿದ್ದೀರಿ. ಮಕ್ಕಳು ಚೆನ್ನಾಗಿಯೇ ಓದುತ್ತಾರೆ, ಮಾರ್ಕ್ಸೂ ಬರುತ್ತದೆ. ಆದರೆ ಮುಂದೆ ಏನು ಓದುತ್ತೀರಿ ಎಂದು ಕೇಳಿದರೆ ಗಣಿತ, ಎಂಜಿನಿಯರಿಂಗ್ ಅನ್ನುವವರು ಬೆರಳೆಣಿಕೆಯಷ್ಟು. ಹುಡುಗರೇ ಇಲ್ಲದ ಕಡೆ ಈ ಹಿಂಜರಿಕೆ ಇರಬಾರದಿತ್ತು, ಅಲ್ವಾ? ಒಂದು ಒಳ್ಳೆಯ ಭಾಷಣ ಏರ್ಪಡಿಸಿದರೆ ಸಾಕೇ ಎಂದು ಕೇಳಿದ್ದೀರಿ.

ನಾನೂ ಇಂಥದ್ದೇ ಶಾಲೆಯಲ್ಲಿ ಬಹಳ ವರ್ಷ ಗಣಿತ ಕಲಿಸಿದವಳು. ನನಗೆ ಕಂಡದ್ದನ್ನು ನೇರವಾಗಿ ಹೇಳುತ್ತೇನೆ. ಭಾಷಣ ಕಡಿಮೆ ಮಾಡಿ, ಕಷ್ಟದ ಕೆಲಸ ಜಾಸ್ತಿ ಕೊಡಿ. ಆ ಕೆಲಸದ ಜೊತೆ ಒದ್ದಾಡಲು ಸಮಯವನ್ನೂ ಕೊಡಿ. "ಹುಡುಗಿಯರಿಗೂ ಗಣಿತ ಬರುತ್ತದೆ" ಎಂದು ದಿನಾ ಹೇಳುತ್ತಾ ಹೋದರೆ, ಬರುವುದಿಲ್ಲ ಅಂತ ಯಾರೋ ಅಂದುಕೊಂಡಿದ್ದಾರೆ ಅನ್ನುವುದೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ. ಬರುತ್ತದೆಯೋ ಇಲ್ಲವೋ ಅನ್ನುವುದನ್ನು ಅವರು ತಾವೇ ಮಾಡಿ ನೋಡಬೇಕು.

ಹುಡುಗರಿಲ್ಲ ಅನ್ನುವ ಒಂದೇ ಕಾರಣಕ್ಕೆ ಏನೂ ಬದಲಾಗುವುದಿಲ್ಲ, ಇದನ್ನು ಮೊದಲು ಒಪ್ಪಿಕೊಳ್ಳೋಣ. 2014ರಲ್ಲಿ ಸಂಶೋಧಕರಾದ ಎರಿನ್ ಪಾಲ್ಕೆ, ಜಾನೆಟ್ ಹೈಡ್ ಮತ್ತು ಅವರ ಸಂಗಡಿಗರು 21 ದೇಶಗಳ 184 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಸುಮಾರು 16 ಲಕ್ಷ ಮಕ್ಕಳ ವಿವರ ಇತ್ತು. ಯಾರು ಯಾವ ಶಾಲೆಗೆ ಸೇರುತ್ತಾರೆ ಅನ್ನುವ ವ್ಯತ್ಯಾಸವನ್ನು ಸರಿದೂಗಿಸಿದ ಒಳ್ಳೆಯ ಅಧ್ಯಯನಗಳನ್ನಷ್ಟೇ ತೆಗೆದುಕೊಂಡರೆ, ಹುಡುಗಿಯರ ಶಾಲೆಗೂ ಇಬ್ಬರೂ ಕಲಿಯುವ ಶಾಲೆಗೂ ಗಣಿತದ ಅಂಕದಲ್ಲಿ ಹೇಳಿಕೊಳ್ಳುವಂಥ ಅಂತರವೇ ಸಿಗಲಿಲ್ಲ.

ಆದರೆ ಅಂಕ ಬೇರೆ, ಆಯ್ಕೆ ಬೇರೆ. ಇಂಗ್ಲೆಂಡಿನ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ 2012ರಲ್ಲಿ ಒಂದು ವರದಿ ತಂದಿತು. 16 ವರ್ಷದ ನಂತರ ಓದುವ ಎ ಲೆವೆಲ್ ಹಂತಕ್ಕೆ ಭೌತಶಾಸ್ತ್ರ ತೆಗೆದುಕೊಂಡ ಹುಡುಗಿಯರ ಲೆಕ್ಕ ಅದರಲ್ಲಿದೆ. ಗಂಡು ಹೆಣ್ಣು ಇಬ್ಬರೂ ಓದುವ ಸರ್ಕಾರಿ ಶಾಲೆಗಳಲ್ಲಿ 49% ಶಾಲೆಗಳಿಂದ 2011ರಲ್ಲಿ ಒಬ್ಬಳೂ ಆ ವಿಷಯಕ್ಕೆ ಹೋಗಿರಲಿಲ್ಲ. ಹುಡುಗಿಯರದ್ದೇ ಶಾಲೆಗಳಿಂದ ಹೋಗುವ ಸಾಧ್ಯತೆ ಹತ್ತಿರ ಹತ್ತಿರ ಎರಡೂವರೆ ಪಟ್ಟು ಜಾಸ್ತಿ ಇತ್ತು. ಇದರಲ್ಲಿ ಶಾಲೆಗೆ ಸೇರುವ ಮಕ್ಕಳ ಹಿನ್ನೆಲೆಯ ಪಾಲೂ ಇರಬಹುದು. ಆದರೂ ನನಗೆ ಇದರಿಂದ ಒಂದು ಮಾತು ಸ್ಪಷ್ಟವಾಯಿತು. ನಿಮ್ಮ ಕೈಯಲ್ಲಿರುವುದು ಅಂಕ ಏರಿಸುವ ಮಂತ್ರ ಅಲ್ಲ. "ಇದು ನನ್ನ ವಿಷಯ" ಎಂದು ಒಬ್ಬ ಹುಡುಗಿ ಸಲೀಸಾಗಿ ಹೇಳಬಹುದಾದ ಜಾಗ. ಆ ಜಾಗವನ್ನು ಏನಿಟ್ಟು ತುಂಬುತ್ತೀರಿ ಅನ್ನುವುದೇ ಮುಖ್ಯ.

ನಮ್ಮ ಶಾಲೆಗಳ ಒಂದು ದೊಡ್ಡ ತೊಡಕು ಮಕ್ಕಳ ಅಚ್ಚುಕಟ್ಟುತನ. ಚಂದದ ಅಕ್ಷರ, ಗೆರೆ ಎಳೆದ ಮಾರ್ಜಿನ್, ತಪ್ಪಿಲ್ಲದ ನೋಟ್‌ಬುಕ್. ನಾವು ಹೊಗಳುವುದೂ ಅದನ್ನೇ. ಹಾಗಾಗಿ ತಪ್ಪು ಹೆಜ್ಜೆ ಇಡುವ ಮೊದಲೇ ಮಕ್ಕಳು ಪೆನ್ಸಿಲ್ ಕೆಳಗಿಡುತ್ತಾರೆ. ಬರೆದದ್ದರ ಮೇಲೆ ಸಂಶಯ ಬಂದರೆ ಕೂಡಲೇ ರಬ್ಬರ್. ನನ್ನ ಕ್ಲಾಸಿನಲ್ಲಿ ವಾರಕ್ಕೊಂದು ಪಿರಿಯಡ್ ರಬ್ಬರ್ ಮುಟ್ಟುವಂತಿಲ್ಲ ಎಂಬ ನಿಯಮ ಇತ್ತು. ತಪ್ಪಾದರೆ ಒಂದೇ ಗೆರೆ ಹೊಡೆದು ಮುಂದಕ್ಕೆ ಹೋಗಬೇಕು, ಹೊಡೆದದ್ದು ಕಾಣುತ್ತಿರಬೇಕು. ಆ ಪಿರಿಯಡ್‌ಗೆ ನಾನು ಕೊಡುತ್ತಿದ್ದದ್ದು ಸೂತ್ರಕ್ಕೆ ಸಿಗದ ಲೆಕ್ಕ.

ಒಂದನ್ನು ಹೇಳುತ್ತೇನೆ, ನೀವು ನಾಳೆಯೇ ಕೊಡಬಹುದು. ಚೆಸ್ ಬೋರ್ಡಿನಲ್ಲಿ 64 ಮನೆ. ಓರೆಯಾಗಿ ಎದುರುಬದುರಿರುವ, ಅಂದರೆ ಕರ್ಣದ ಎರಡು ತುದಿಯ ಮೂಲೆಯ ಮನೆಗಳನ್ನು ಕತ್ತರಿಸಿ ತೆಗೆಯಿರಿ. ಉಳಿದದ್ದು 62. ಎರಡು ಮನೆ ಮುಚ್ಚುವಷ್ಟು ಉದ್ದದ 31 ಪಟ್ಟಿಗಳಿಂದ ಇದನ್ನು ಪೂರ್ತಿ ಮುಚ್ಚಲು ಆಗುತ್ತದೆಯೇ? ಮಕ್ಕಳು ಮೊದಲು ಸಲೀಸಾಗಿ ಶುರು ಮಾಡುತ್ತಾರೆ. ಕೊನೆಗೆ ಎರಡು ಮನೆ ಉಳಿಯುತ್ತವೆ. ಅಳಿಸಿ ಇನ್ನೊಂದು ಸಲ ಮಾಡೋಣ ಅನ್ನುತ್ತಾರೆ, ಆದರೆ ರಬ್ಬರ್ ಇಲ್ಲ. ಪಕ್ಕದಲ್ಲೇ ಇನ್ನೊಂದು ಬೋರ್ಡ್ ಬರೆಯಬೇಕು. ಮತ್ತೆ ಎರಡು ಉಳಿಯುತ್ತವೆ. ಹಳೆಯ ಬೋರ್ಡುಗಳು ಪುಟದ ಮೇಲೆ ಹಾಗೇ ಇರುವುದರಿಂದಲೇ ಯಾರೋ ಒಬ್ಬಳಿಗೆ ಹೊಳೆಯುತ್ತದೆ: "ಮಿಸ್, ಉಳಿಯೋ ಎರಡೂ ಯಾವಾಗಲೂ ಒಂದೇ ಬಣ್ಣ!" ಅಲ್ಲಿಂದ ಆಟ ಬದಲಾಗುತ್ತದೆ. ಪ್ರತಿ ಪಟ್ಟಿಯೂ ಒಂದು ಕಪ್ಪು, ಒಂದು ಬಿಳಿ ಮನೆಯನ್ನು ಮುಚ್ಚುತ್ತದೆ. ನಾವು ಕತ್ತರಿಸಿದ ಎರಡೂ ಮೂಲೆ ಒಂದೇ ಬಣ್ಣದವು. ಅಂದರೆ ಒಂದು ಬಣ್ಣದ 32 ಮನೆ, ಇನ್ನೊಂದರ 30. ಮುಚ್ಚಲು ಆಗುವುದೇ ಇಲ್ಲ. ಎಷ್ಟು ಪ್ರಯತ್ನಪಟ್ಟರೂ ಆಗದ್ದನ್ನು ಆಗುವುದಿಲ್ಲ ಎಂದು ಖಚಿತವಾಗಿ ತೋರಿಸಬಹುದು ಅನ್ನುವುದು ಆ ವಯಸ್ಸಿನ ಮಕ್ಕಳಿಗೆ ದೊಡ್ಡ ಆಶ್ಚರ್ಯ. ಗಣಿತ ಅಂದರೆ ಬೇಗ ಲೆಕ್ಕ ಮಾಡುವುದು ಎಂದುಕೊಂಡಿದ್ದ, ನಿಧಾನವಾಗಿ ಯೋಚಿಸುವ ಹುಡುಗಿಯರು ಮೊದಲ ಸಲ ಮುಂದಕ್ಕೆ ಬಾಗಿ ಕೂರುವುದು ಇಂಥ ದಿನ. ದಯವಿಟ್ಟು ಆ ಹೊತ್ತಿನಲ್ಲಿ ಉತ್ತರದ ಕಡೆ ಬೆರಳು ತೋರಿಸಬೇಡಿ. ಪಾಪ ಕಷ್ಟಪಡುತ್ತಿದ್ದಾರೆ ಅಂತ ಸಹಾಯಕ್ಕೆ ಓಡುವ ಅಭ್ಯಾಸ ಹುಡುಗಿಯರ ಶಾಲೆಯಲ್ಲಿ ನಮಗೆಲ್ಲ ಜಾಸ್ತಿ. ಪ್ರೀತಿಯಿಂದಲೇ ಮಾಡುತ್ತೇವೆ, ಆದರೆ ಮಕ್ಕಳ ಕೈಯಿಂದ ಲೆಕ್ಕವನ್ನು ಕಸಿದುಕೊಂಡಂತೆಯೇ ಆಗುತ್ತದೆ.

ಟೀಚರ್ ಮತ್ತು ಹೆಡ್‌ಮಿಸ್ಟ್ರೆಸ್ ಎಷ್ಟು ಮುಖ್ಯ ಅನ್ನುವುದಕ್ಕೆ ಮರಿಯಂ ಮಿರ್ಜಾಖಾನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಪಡೆದ ಮೊದಲ ಮಹಿಳೆ. ಅವರು ಓದಿದ್ದು ಟೆಹ್ರಾನಿನ ಫರ್ಜಾನೆಗಾನ್ ಎಂಬ ಹುಡುಗಿಯರ ಶಾಲೆಯಲ್ಲಿ. ಅಲ್ಲಿ ಮೊದಲ ವರ್ಷ ಅವರಿಗೆ ಗಣಿತ ಚೆನ್ನಾಗಿ ಹೋಗಲಿಲ್ಲ. ಈಕೆಯಲ್ಲಿ ವಿಶೇಷವೇನೂ ಇಲ್ಲ ಎಂದು ಆ ವರ್ಷದ ಟೀಚರ್‌ಗೆ ಅನ್ನಿಸಿತ್ತು, ಅದು ಹುಡುಗಿಗೂ ತಿಳಿಯಿತು. 20ಕ್ಕೆ 16 ಬಂದ ಪರೀಕ್ಷೆಯ ಹಾಳೆಯನ್ನು ಹರಿದು ಬ್ಯಾಗಿಗೆ ತುರುಕಿದ್ದನ್ನು ಗೆಳತಿ ರೋಯಾ ಬೆಹೆಷ್ತಿ ನೆನಪಿಸಿಕೊಂಡಿದ್ದಾರೆ. ಮುಂದಿನ ವರ್ಷ ಬೇರೆ ಟೀಚರ್ ಬಂದರು, ನಂಬಿಕೆ ಇಟ್ಟರು, ಎಲ್ಲ ಬದಲಾಯಿತು.

ಆಮೇಲಿನದ್ದು ಇನ್ನೂ ಮುಖ್ಯ. ಹೈಸ್ಕೂಲಿನಲ್ಲಿ ಈ ಇಬ್ಬರು ಗೆಳತಿಯರಿಗೆ ರಾಷ್ಟ್ರಮಟ್ಟದ ಸ್ಪರ್ಧೆಯ ಆರು ಪ್ರಶ್ನೆಗಳು ಸಿಕ್ಕವು. ದಿನಗಟ್ಟಲೆ ಕೂತು ಮೂರನ್ನು ಬಿಡಿಸಿದರು. ನೇರ ಪ್ರಿನ್ಸಿಪಾಲರ ಹತ್ತಿರ ಹೋಗಿ, ಹುಡುಗರ ಶಾಲೆಯಲ್ಲಿ ನಡೆಯುವಂಥ ಕಷ್ಟದ ಲೆಕ್ಕಗಳ ಕ್ಲಾಸ್ ನಮಗೂ ಬೇಕು ಎಂದು ಕೇಳಿದರು. ಅಲ್ಲಿಯವರೆಗೆ ಒಲಿಂಪಿಯಾಡ್ ಎಂಬ ಅಂತರರಾಷ್ಟ್ರೀಯ ಗಣಿತ ಸ್ಪರ್ಧೆಯ ಇರಾನ್ ತಂಡದಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಆ ಪ್ರಿನ್ಸಿಪಾಲ್ ಅದನ್ನು ನೆಪ ಮಾಡಲಿಲ್ಲ, ಕ್ಲಾಸ್ ಏರ್ಪಡಿಸಿದರು. 1994ರಲ್ಲಿ ಇಬ್ಬರೂ ತಂಡ ಸೇರಿದರು. ಮಿರ್ಜಾಖಾನಿಗೆ ಚಿನ್ನ ಬಂತು, 1995ರಲ್ಲಿ ಪೂರ್ಣಾಂಕದೊಂದಿಗೆ ಮತ್ತೆ ಚಿನ್ನ. ನಿಮ್ಮ ಶಾಲೆಯ ಆಡಳಿತದವರ ಜೊತೆ ಮಾತಾಡುವಾಗ ಈ ಕಥೆಯನ್ನು ಬಳಸಿಕೊಳ್ಳಿ. ಪ್ರತಿಭೆ ಅವರದ್ದೇ, ನಿಜ. ಆದರೆ ಕ್ಲಾಸ್ ಕೊಟ್ಟದ್ದು ಶಾಲೆ. ಪಕ್ಕದ ಹುಡುಗರ ಶಾಲೆಯಲ್ಲಿ ಏನಿದೆಯೋ, ಕಂಪ್ಯೂಟರ್ ಲ್ಯಾಬ್, ಭೌತಶಾಸ್ತ್ರಕ್ಕೆ ಪೂರ್ತಿ ಟೀಚರ್, ಸ್ಪರ್ಧೆಗೆ ತಯಾರಿ, ಅದೆಲ್ಲ ನಿಮ್ಮಲ್ಲೂ ಇದೆಯೇ ನೋಡಿ. ಎಷ್ಟೋ ಕಡೆ ಹುಡುಗಿಯರ "ಆಸಕ್ತಿಯ ಕೊರತೆ" ಅನ್ನುವುದು ನಿಜವಾಗಿ ಟೈಂಟೇಬಲಿನ ಕೊರತೆ. ಹುಡುಗಿಯರಿಗಾಗಿಯೇ ನಡೆಯುವ ಒಲಿಂಪಿಯಾಡ್‌ಗಳೂ ಈಗ ಇವೆ. ಚೀನಾದಲ್ಲಿ 2002ರಲ್ಲಿ, ಯುರೋಪಿನಲ್ಲಿ 2012ರಲ್ಲಿ ಶುರುವಾದವು. ಅವುಗಳ ಹಳೆಯ ಪ್ರಶ್ನೆಗಳು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ.

ಇನ್ನು ಎಂಜಿನಿಯರಿಂಗ್. ಇದನ್ನು ಬಾಯಿಮಾತಿನಲ್ಲಿ ಹೇಳಿಕೊಡಲು ಆಗುವುದೇ ಇಲ್ಲ, ಏನಾದರೂ ಬಿಚ್ಚಬೇಕು. ನಾವು ಒಂದು ಕೆಟ್ಟ ಟೇಬಲ್ ಫ್ಯಾನ್ ಇಟ್ಟುಕೊಂಡಿದ್ದೆವು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕಡ್ಡಿಯಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದರೆ ತಿರುಗಲು ಶುರು ಮಾಡುತ್ತದೆ. ಯಾಕೆ? ಕರೆಂಟ್ ಬರುತ್ತಿದೆ, ಮೋಟರ್ ಸುಟ್ಟಿಲ್ಲ, ಮತ್ತೆ ಏನು ಕೊರತೆ? ಪ್ಲಗ್ ತೆಗೆದು, ಚಾರ್ಜ್ ಹಿಡಿದಿಟ್ಟುಕೊಳ್ಳುವ ಪುಟ್ಟ ಭಾಗವಾದ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜನ್ನು ನಾನೇ ಖಾಲಿ ಮಾಡಿ, ಆಮೇಲೆ ಮಕ್ಕಳ ಮುಂದೆ ಇಟ್ಟೆ. ಮೊದಲ ಐದು ನಿಮಿಷ ಯಾರೂ ಸ್ಕ್ರೂಡ್ರೈವರ್ ಮುಟ್ಟಲಿಲ್ಲ, ಅಟೆಂಡರ್ ಅಣ್ಣನನ್ನು ಕರೆಯೋಣವಾ ಎಂದರು. ಬೇಡ ಎಂದೆ. ಒಬ್ಬಳು ಶುರು ಮಾಡಿದಳು. ಹಿಂದಿನ ಮುಚ್ಚಳ ಬಿಚ್ಚಿದರು, ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕಾಗದದ ಮೇಲೆ ಬರೆದರು, ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿದು ಮೋಟರಿನ ತಂತಿ ಸುರುಳಿ ಎರಡೂ ಸರಿ ಇವೆ ಎಂದು ಖಚಿತ ಮಾಡಿಕೊಂಡರು. ಉಳಿದದ್ದು ಆ ಪುಟ್ಟ ಕೆಪಾಸಿಟರ್. ಹೊಸದು ಹಾಕಿದಾಗ ಫ್ಯಾನ್ ತಾನೇ ತಿರುಗಿತು. ಎರಡನೇ ಸುರುಳಿಯ ಕರೆಂಟನ್ನು ಕೆಪಾಸಿಟರ್ ಸ್ವಲ್ಪ ಮುಂದೆ ಸರಿಸುತ್ತದೆ, ಅದರಿಂದಲೇ ಯಾವ ದಿಕ್ಕಿಗೆ ತಿರುಗಬೇಕೆಂದು ಮೋಟರ್‌ಗೆ ತಳ್ಳು ಸಿಗುತ್ತದೆ ಎಂದು ಆಗ ವಿವರಿಸಿದೆ. ಮೊದಲೇ ಹೇಳಿದ್ದರೆ ಬರೆದುಕೊಂಡು ಸುಮ್ನೆ ಕೂರುತ್ತಿದ್ದರು.

ಹುಡುಗಿಯರ ಶಾಲೆಯ ನಿಜವಾದ ಲಾಭ ಇರುವುದು ಇಲ್ಲೇ. ಹುಡುಗರೂ ಇರುವ ಲ್ಯಾಬಿನಲ್ಲಿ ಬಹಳ ಸಲ ಉಪಕರಣ ಹುಡುಗನ ಕೈಯಲ್ಲಿ, ರೆಕಾರ್ಡ್ ಬುಕ್ ಹುಡುಗಿಯ ಕೈಯಲ್ಲಿ. ಇಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಬೇರೆ ಯಾರೂ ಇಲ್ಲ. ಹಾಗಂತ ಬಿಟ್ಟುಬಿಡಬೇಡಿ. ಇಲ್ಲೂ ಒಬ್ಬಳು ಧೈರ್ಯವಂತೆ ಎಲ್ಲವನ್ನೂ ತಾನೇ ಮಾಡುತ್ತಾಳೆ, ಉಳಿದವರು ನೋಡುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಉಪಕರಣ ಕೈ ಬದಲಾಗಲೇಬೇಕು.

ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿಯ ಬಗ್ಗೆಯೂ ಯೋಚಿಸಿ. ಎಂಜಿನಿಯರಿಂಗ್ ಡ್ರಾಯಿಂಗ್‌ಗೆ ಅದು ಬೇಕೇ ಬೇಕು. ಅಮೆರಿಕದ ಮಿಷಿಗನ್ ಟೆಕ್ನಲಾಜಿಕಲ್ ಯೂನಿವರ್ಸಿಟಿಯಲ್ಲಿ ಶೆರಿಲ್ ಸೋರ್ಬಿ 1993ರಿಂದ ಇದಕ್ಕೇ ಒಂದು ಕೋರ್ಸ್ ನಡೆಸಿದರು. ಹೊಸದಾಗಿ ಸೇರಿದವರಿಗೆ ಪರೀಕ್ಷೆ ಮಾಡಿದಾಗ ಇದರಲ್ಲಿ ಹಿಂದೆ ಬಿದ್ದವರಲ್ಲಿ ಹುಡುಗಿಯರ ಪಾಲು ಹೆಚ್ಚಿತ್ತು. ಕೋರ್ಸ್ ಮಾಡಿದವರು ಸುಧಾರಿಸಿದರು, ಎಂಜಿನಿಯರಿಂಗ್ ಬಿಟ್ಟುಹೋಗುವುದೂ ಕಡಿಮೆಯಾಯಿತು. ಹುಟ್ಟಿನಿಂದ ಬಂದದ್ದು ಎಂದು ಎಲ್ಲರೂ ಕೈಬಿಡುವ ಈ ಶಕ್ತಿ ಅಭ್ಯಾಸದಿಂದ ಬರುತ್ತದೆ ಅನ್ನುವುದು ಎಷ್ಟು ಒಳ್ಳೆಯ ಸುದ್ದಿ! ದುಬಾರಿ ಸಾಮಾನು ಬೇಡ. ಮರದ ತುಂಡುಗಳನ್ನು ಜೋಡಿಸಿಟ್ಟು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಹೇಗೆ ಕಾಣುತ್ತದೆ ಬರೆಯಿರಿ ಅನ್ನಿ. ಆಮೇಲೆ ಉಲ್ಟಾ, ಮೂರು ಚಿತ್ರ ಕೊಟ್ಟು ತುಂಡು ಜೋಡಿಸಲು ಹೇಳಿ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರುತ್ತೇನೆ. ಮಾರ್ಕ್ಸ್ ಇದ್ದೂ ಯಾಕೆ ಆರಿಸಿಕೊಳ್ಳುವುದಿಲ್ಲ? ಸಂಶೋಧಕರಾದ ಥಾಮಸ್ ಬ್ರೆಡಾ ಮತ್ತು ಕ್ಲೊಟಿಲ್ಡ್ ನ್ಯಾಪ್ 2019ರಲ್ಲಿ, ಹಲವು ದೇಶಗಳ 15 ವರ್ಷದ ಮಕ್ಕಳು ಬರೆಯುವ ಪಿಸಾ ಪರೀಕ್ಷೆಯ ಮಾಹಿತಿಯಿಂದ ಒಂದು ವಿಷಯ ತೋರಿಸಿದರು. ಗಣಿತ ಚೆನ್ನಾಗಿ ಬರುವ ಹುಡುಗಿಯರಿಗೆ ಓದು, ಭಾಷೆ ಅದಕ್ಕಿಂತಲೂ ಚೆನ್ನಾಗಿ ಬರುತ್ತದೆ. ಹುಡುಗ ಎರಡನ್ನೂ ಹೋಲಿಸಿ "ನನಗೆ ಗಣಿತವೇ ಸರಿ" ಅನ್ನುತ್ತಾನೆ. ಹುಡುಗಿ ಅದೇ ರೀತಿ ಹೋಲಿಸಿ ಬೇರೆ ಕಡೆ ಹೋಗುತ್ತಾಳೆ. ಗಣಿತದ ಕಡೆ ಹೋಗುವುದರಲ್ಲಿ ಗಂಡು ಹೆಣ್ಣಿನ ನಡುವೆ ಇರುವ ಅಂತರದ ಬಹುಪಾಲು ಇದರಿಂದಲೇ ಬರುತ್ತದೆ ಅನ್ನುವುದು ಅವರ ವಾದ. ನನ್ನ ಕ್ಲಾಸಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಗಣಿತದಲ್ಲಿ 88, ಭಾಷೆಯಲ್ಲಿ 95 ಬಂದ ಹುಡುಗಿ "ನಾನು ಗಣಿತದಲ್ಲಿ ವೀಕ್" ಅನ್ನುತ್ತಾಳೆ! ಅವಳನ್ನು ಪಕ್ಕಕ್ಕೆ ಕರೆದು ಹೇಳಿ: ನಿನ್ನ ಭಾಷೆಯ ಮಾರ್ಕ್ಸ್ ಪಕ್ಕದಲ್ಲಿಟ್ಟು ನಿನ್ನ ಗಣಿತವನ್ನು ಅಳೆಯಬೇಡ, ಎಂಜಿನಿಯರಿಂಗ್‌ಗೆ ಎಷ್ಟು ಬೇಕೋ ಅದರ ಜೊತೆ ಅಳೆದು ನೋಡು. ಚೆನ್ನಾಗಿ ಬರೆಯಬಲ್ಲ, ವಿವರಿಸಬಲ್ಲ ಎಂಜಿನಿಯರ್‌ಗೆ ಬೆಲೆ ಜಾಸ್ತಿ ಅನ್ನುವುದನ್ನೂ ಸೇರಿಸಿ. ಒಬ್ಬೊಬ್ಬರ ಜೊತೆ ಕೂತು ಆಡುವ ಈ ಹತ್ತು ನಿಮಿಷದ ಮಾತು ಸಭಾಂಗಣದ ಭಾಷಣಕ್ಕಿಂತ ಎಷ್ಟೋ ಮೇಲು.

ಸ್ಟಾಫ್ ರೂಮಿನಲ್ಲೂ ಸ್ವಲ್ಪ ಕೆಲಸ ಇದೆ. ಸಂಶೋಧಕಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಒಂದನೇ, ಎರಡನೇ ತರಗತಿಗಳಲ್ಲಿ ನೋಡಿದ್ದು ಹೀಗೆ: ಟೀಚರಮ್ಮನಿಗೇ ಗಣಿತದ ಭಯ ಜಾಸ್ತಿ ಇದ್ದಷ್ಟೂ, "ಗಣಿತ ಹುಡುಗರದ್ದು" ಎಂಬ ನಂಬಿಕೆ ವರ್ಷದ ಕೊನೆಗೆ ಹುಡುಗಿಯರಲ್ಲಿ ಜಾಸ್ತಿ ಕಂಡಿತು, ಹಾಗೆ ನಂಬಿದವರ ಅಂಕವೂ ಕಡಿಮೆ ಇತ್ತು. ಹುಡುಗರ ಮೇಲೆ ಆ ಪರಿಣಾಮ ಕಾಣಲಿಲ್ಲ. ಹಾಗಾಗಿ "ಅಯ್ಯೋ, ನಂಗೆ ಲೆಕ್ಕ ಅಂದ್ರೆ ಆಗಲ್ಲಪ್ಪ" ಎಂದು ಮಕ್ಕಳ ಮುಂದೆ ನಗುತ್ತಾ ಹೇಳುವ ಸಹೋದ್ಯೋಗಿಗಳಿಗೆ ಸ್ನೇಹದಿಂದಲೇ ಹೇಳಿ, ಆ ಮಾತು ಬೇಡ ಎಂದು. ಅಪ್ಪ ಅಮ್ಮಂದಿರಿಗೂ ಇದೇ ಮಾತು. ಅವರನ್ನು ಕರೆದಾಗ ಬರೀ ಮಾರ್ಕ್ಸ್ ಕಾರ್ಡ್ ತೋರಿಸದೆ, ಮಗಳು ಬಿಡಿಸಿದ ಕಷ್ಟದ ಲೆಕ್ಕವನ್ನು ಅವಳ ಬಾಯಲ್ಲೇ ವಿವರಿಸಲು ಹೇಳಿ.

ಕೊನೆಯದಾಗಿ, ಶಾಲೆ ಮುಗಿದ ಮೇಲಿನ ಮೊದಲ ವರ್ಷ. ಇಲ್ಲಿ ಎಲ್ಲರೂ ಹುಡುಗಿಯರು, ಎಂಜಿನಿಯರಿಂಗ್‌ನ ಎಷ್ಟೋ ವಿಭಾಗಗಳಲ್ಲಿ ಕ್ಲಾಸಿಗೆ ಕೆಲವರೇ. ಆ ಬದಲಾವಣೆಗೆ ಮೊದಲೇ ತಯಾರು ಮಾಡಬೇಕು. ಬೇರೆ ಶಾಲೆಯ ಹುಡುಗರೂ ಬರುವ ರೋಬೋಟಿಕ್ಸ್, ಗಣಿತ ಸ್ಪರ್ಧೆಗಳಿಗೆ ವರ್ಷಕ್ಕೊಮ್ಮೆಯಾದರೂ ಕಳಿಸಿ, ಅಲ್ಲಿ ಉಪಕರಣವನ್ನು ಬಿಟ್ಟುಕೊಡಬಾರದು ಎಂದು ಹೇಳಿ ಕಳಿಸಿ. ಯಾರನ್ನಾದರೂ ಕರೆಸಿ ಮಾತಾಡಿಸಲೇಬೇಕು ಅಂದರೆ ದೊಡ್ಡ ಹೆಸರಿನವರು ಬೇಡ. ನಿಮ್ಮದೇ ಶಾಲೆಯಲ್ಲಿ ಓದಿ ಈಗ ಎರಡನೇ ವರ್ಷದ ಎಂಜಿನಿಯರಿಂಗ್‌ನಲ್ಲಿರುವ ಹುಡುಗಿಯನ್ನು ಕರೆಯಿರಿ. ಮೊದಲ ಸೆಮಿಸ್ಟರಿನಲ್ಲಿ ಯಾವ ವಿಷಯ ಕೈಕೊಟ್ಟಿತು, ಯಾರನ್ನು ಕೇಳಿದಳು, ವರ್ಕ್‌ಶಾಪಿನಲ್ಲಿ ಮೊದಲ ದಿನ ಏನಾಯಿತು ಅನ್ನುವುದನ್ನು ಅವಳಷ್ಟು ಚೆನ್ನಾಗಿ ಯಾರೂ ಹೇಳಲಾರರು. ಮಕ್ಕಳು ಕೇಳುವ ಪ್ರಶ್ನೆಗಳೂ ಆಗ ಬೇರೆಯೇ ಇರುತ್ತವೆ. ಅವಳು ಬಂದಾಗ ನೀವು ಸ್ವಲ್ಪ ಹೊತ್ತು ಕ್ಲಾಸಿನಿಂದ ಹೊರಗೆ ಹೋಗಿ, ಟೀಚರ್ ಎದುರು ಕೇಳಲಾಗದ್ದನ್ನೆಲ್ಲ ಅವರು ಕೇಳಿಕೊಳ್ಳಲಿ.