ಇಂಗ್ಲೆಂಡಿನ ವಿಂಚೆಸ್ಟರ್‌ನ ಇಚೆನ್ ನದಿ ದಾರಿ: ಮಾರ್ಚ್‌ನಲ್ಲಿ ಅಮ್ಮ, ಮಗುವಿನ ಗಾಡಿ ಜೊತೆ ಆಗುತ್ತದೆಯೇ?

ಅರ್ಧ ದಾರಿ ಆರಾಮಾಗಿ ಆಗುತ್ತೆ. ಇಡೀ ದಾರಿ ಸೇಂಟ್ ಕ್ರಾಸ್‌ವರೆಗೆ (ಬಡ ವೃದ್ಧರಿಗಾಗಿ ಕಟ್ಟಿದ ಹಳೇ ಆಶ್ರಯಧಾಮ), ಅದೂ ಮಾರ್ಚ್‌ನಲ್ಲಿ, ಬೇಡ.

ಸಿಟಿ ಮಿಲ್ ಎಂಬ ಹಳೇ ನೀರಿನ ಗಿರಣಿಯ ಪಕ್ಕದಿಂದ 'ದ ವಿಯರ್ಸ್' ದಾರಿ ಹಿಡಿಯಿರಿ. ಗಟ್ಟಿ ನೆಲ, ಸಮತಟ್ಟು, ಕೂರಲು ಬೆಂಚುಗಳಿವೆ, ಮಂಡಿನೋವಿದ್ದವರಿಗೂ ಸರಿ. ಅಲ್ಲಿಂದ ಕಾಲೇಜ್ ವಾಕ್ ಕಡೆ ಬಲಕ್ಕೆ ತಿರುಗಿ ಕೆಥೆಡ್ರಲ್‌ಗೆ ಹೋಗಿಬಿಡಿ.

ತೊಂದರೆ ಇರುವುದು ಬಲಕ್ಕೆ ತಿರುಗದೆ ಸೇಂಟ್ ಕ್ರಾಸ್ ಕಡೆ ಮುಂದುವರಿದರೆ ಸಿಗುವ ಹುಲ್ಲುಗಾವಲಿನ ಕಾಲುದಾರಿಯಲ್ಲಿ. ಹವಾಮಾನ ನೋಡಿ 'ವಾರದಿಂದ ಮಳೆಯಿಲ್ಲ' ಅಂದುಕೊಂಡು ಹೊರಟರೆ ಮೋಸ ಹೋಗ್ತೀರಿ. ಇದು ಸೀಮೆಸುಣ್ಣದ ಬಂಡೆಯೊಳಗಿಂದ ಒಸರುವ ನೀರಿನ ನದಿ. ಚಳಿಗಾಲದ ಮಳೆ ನಿಧಾನವಾಗಿ ಇಂಗಿ ಅಂತರ್ಜಲ ಏರುವುದರಿಂದ, ನೀರು ತುಂಬುವುದು ಸಾಮಾನ್ಯವಾಗಿ ಚಳಿಗಾಲದ ಕೊನೆಗೆ. ಬಿಸಿಲಿದ್ದರೂ ದಾರಿ ಕೆಸರು, ಕೆಲವೊಮ್ಮೆ ನೀರೇ ನಿಂತಿರುತ್ತೆ. ಗಾಡಿಯ ಸಣ್ಣ ಚಕ್ರ ಹೂತುಕೊಳ್ಳುತ್ತೆ. ಸೇಂಟ್ ಕ್ರಾಸ್ ನೋಡಲೇಬೇಕೆಂದರೆ ಸೇಂಟ್ ಕ್ರಾಸ್ ರಸ್ತೆಯ ಬಸ್ಸಿದೆ. ಅಲ್ಲಿ ಕೇಳಿದವರಿಗೆ ಒಂದು ತುಂಡು ಬ್ರೆಡ್, ಪುಟ್ಟ ಲೋಟದಲ್ಲಿ ಬಿಯರ್ ಕೊಡುವ ಹಳೇ ಪದ್ಧತಿಯೂ ಇದೆ (ಅಮ್ಮನಿಗೆ ಮೊದಲೇ ಹೇಳಿಡಿ!).

ಟ್ರೌಟ್ ಮೀನು ಕಾಣಬೇಕಾ? ಪೋಲರೈಸ್ಡ್ ಕನ್ನಡಕ ಹಾಕಿ, ಸೇತುವೆ ಮೇಲಿಂದ ಹರಿವಿನ ಎದುರು ದಿಕ್ಕಿಗೆ ನೋಡಿ. ಮೀನಿಗಿಂತ ಮೊದಲು ತಳದ ಜಲ್ಲಿಯ ಮೇಲೆ ಅದರ ನೆರಳು ಕಾಣುತ್ತೆ. ತಲೆ ಹರಿವಿಗೆ ಎದುರಾಗಿ, ಬಾಲ ಮಾತ್ರ ಅಲುಗುತ್ತಿರುತ್ತೆ. ನೀರಿನ ಮೇಲೆ ಬಿಳಿ ಹೂವಿನ ಹಾಸು ಬೇಕೆಂದರೆ ಮೇ ಕೊನೆ, ಜೂನ್‌ಗೆ ಬನ್ನಿ. ಆಗ ಕಾಲುದಾರಿಯೂ ಒಣಗಿರುವ ಸಾಧ್ಯತೆ ಹೆಚ್ಚು.