ಮೊದಲ ಸಲ ಗ್ಲುಟನ್ ಇಲ್ಲದ ಬ್ರೆಡ್ ಮಾಡಿದೆ, ಮಧ್ಯ ಕುಸಿದು ಒಳಗೆ ಅಂಟಂಟಾಗಿದೆ. ಎಲ್ಲಿ ತಪ್ಪಿತು?

ಹಿಟ್ಟು ಎರಡು ಪಟ್ಟು ಆಗುವವರೆಗೆ ಉಬ್ಬಲು ಬಿಟ್ಟೆ, 40 ನಿಮಿಷ ಬೇಯಿಸಿದೆ, ಓವನ್‌ನಿಂದ ತೆಗೆದು ಹತ್ತು ನಿಮಿಷಕ್ಕೇ ಕತ್ತರಿಸಿದೆ ಅಂತ ಬರೆದಿದ್ದೀರಿ. ಉತ್ತರ ಬಹುಪಾಲು ಅಲ್ಲೇ ಇದೆ. ಉಬ್ಬಿದ್ದು ಜಾಸ್ತಿ, ಬೆಂದಿದ್ದು ಕಮ್ಮಿ, ಕತ್ತರಿಸಿದ್ದು ಬೇಗ. ಮೂರನ್ನೂ ಮುಂದಿನ ಸಲವೇ ಸರಿ ಮಾಡಬಹುದು, ದಯವಿಟ್ಟು ಬಿಟ್ಟುಬಿಡಬೇಡಿ.

ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ (ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇದೆ ಅಂತ ಗೊತ್ತಾದ ಮೇಲೆ ನಾನು ಇದನ್ನು ಕಲಿತೆ. ಅದಕ್ಕೆ ಮುಂಚೆ ಮಾಡುತ್ತಿದ್ದದ್ದು ಗೋಧಿ ಬ್ರೆಡ್, ಹಾಗಾಗಿ ಅದೇ ಅಭ್ಯಾಸದಲ್ಲಿ ನೀರು ಕಮ್ಮಿ ಹಾಕಿ ಚೆನ್ನಾಗಿ ನಾದಿದೆ. ಬಂದದ್ದು ಗಟ್ಟಿ ಮುದ್ದೆ. ನಾದುವುದೇ ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಬಲಿಯಲಿ ಅಂತ, ಇಲ್ಲಿ ಅದೇ ಇಲ್ಲವಲ್ಲ. ಗೋಧಿಯಲ್ಲಿ ಗ್ಲುಟನ್ ಹಿಗ್ಗುವ ಬಲೆಯ ಹಾಗೆ ಹರಡಿಕೊಂಡು ಈಸ್ಟ್ ಬಿಡುವ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿ, ಜೋಳದ ಹಿಟ್ಟಿಗೆ ಆ ಶಕ್ತಿ ಇಲ್ಲ. ಆ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕು, ನನ್ನ ಕೈಗೆ ಒಗ್ಗಿದ್ದು ಇಸಬ್‌ಗೋಲ್ ಹೊಟ್ಟು. ನೀರಲ್ಲಿ ಹಾಕಿದರೆ ಐದು ನಿಮಿಷದಲ್ಲಿ ಲೋಳೆಯಾಗುತ್ತೆ, ಹಿಟ್ಟಿಗೆ ಜಿಗುಟು ಬರುತ್ತೆ. ಕ್ಸಾಂಥಾನ್ ಗಮ್ ಎಂಬ ಅಂಟಿನ ಪುಡಿ ಕೂಡ ನಡೆಯುತ್ತೆ, ಆದರೆ ಅದು ಸ್ವಲ್ಪ ಜಾಸ್ತಿಯಾದರೂ ಬ್ರೆಡ್ ರಬ್ಬರ್ ಥರ ಆಗುತ್ತೆ.

ನಾನು ಮಾಡುವ ಅಳತೆ ಹೇಳುತ್ತೇನೆ. ಅಕ್ಕಿ ಹಿಟ್ಟು 150 ಗ್ರಾಂ, ಜೋಳದ ಹಿಟ್ಟು 110 ಗ್ರಾಂ, ಟಾಪಿಯೋಕ (ಮರಗೆಣಸಿನ) ಸ್ಟಾರ್ಚ್ 140 ಗ್ರಾಂ. ಇಸಬ್‌ಗೋಲ್ 20 ಗ್ರಾಂ, ಅದು ನುಣ್ಣಗೆ ಪುಡಿ ಮಾಡಿದ್ದಾದರೆ 17 ಸಾಕು. ಈಸ್ಟ್ 7, ಸಕ್ಕರೆ 20, ಉಪ್ಪು 8, ಎಣ್ಣೆ ಎರಡು ಚಮಚ, ಉಗುರುಬೆಚ್ಚಗಿನ ನೀರು 400 ಗ್ರಾಂ. ಹೌದು, ಹಿಟ್ಟಿನಷ್ಟೇ ತೂಕದ ನೀರು, ಅದಕ್ಕೆ ಗಾಬರಿಯಾಗಬೇಡಿ, ಇವು ನೀರು ಕುಡಿಯುವ ಹಿಟ್ಟುಗಳು. ಕಪ್ಪಿನಲ್ಲಿ ಅಳೆಯಬೇಡಿ. ಒಂದೇ ಕಪ್ಪಿಗೆ ಅಕ್ಕಿ ಹಿಟ್ಟಿನ ತೂಕ ಬೇರೆ, ಸ್ಟಾರ್ಚ್‌ನ ತೂಕ ಬೇರೆ, ಒತ್ತಿ ತುಂಬಿದರೆ ಇನ್ನೂ ಬೇರೆ. ಇಲ್ಲಿ 30 ಗ್ರಾಂ ನೀರು ಹೆಚ್ಚುಕಮ್ಮಿಯಾದರೂ ಫಲ ಬದಲಾಗುತ್ತೆ, ಹಾಗಾಗಿ ಒಂದು ಸಣ್ಣ ತೂಕದ ಯಂತ್ರ ಇದ್ದರೆ ನಿಮ್ಮ ಅರ್ಧ ಸಮಸ್ಯೆ ಮುಗಿದ ಹಾಗೆ.

ಇಸಬ್‌ಗೋಲನ್ನು 300 ಗ್ರಾಂ ನೀರಲ್ಲಿ ಕಲಸಿಡಿ. ಉಳಿದ ನೀರಲ್ಲಿ ಸಕ್ಕರೆ, ಈಸ್ಟ್ ಹಾಕಿ, ನೊರೆ ಬಂದರೆ ಈಸ್ಟ್ ಚೆನ್ನಾಗಿದೆ ಅಂತ. ಆಮೇಲೆ ಎಲ್ಲ ಸೇರಿಸಿ, ಒಣ ಹಿಟ್ಟಿನ ಗಂಟು ಉಳಿಯದ ಹಾಗೆ ಕಲಸಿದರೆ ಸಾಕು. ಒದ್ದೆ ಕೈಯಲ್ಲಿ ಟಿನ್‌ಗೆ ತುಂಬಿ, ಮೇಲೆ ಸವರಿ ನಯ ಮಾಡಿ. ಟಿನ್ ಕಿರಿದಾಗಿದ್ದಷ್ಟೂ ಒಳ್ಳೆಯದು, ಪಕ್ಕದ ಗೋಡೆಗಳೇ ಇದಕ್ಕೆ ಆಸರೆ. ಒಂದೇ ಸಲ ಉಬ್ಬಿಸಬೇಕು, ಅದೂ ಒಂದೂವರೆ ಪಟ್ಟಿನಷ್ಟು ಮಾತ್ರ. ಗಡಿಯಾರ ನೋಡಬೇಡಿ, ಹಿಟ್ಟನ್ನು ನೋಡಿ. ಮೇಲ್ಭಾಗದಲ್ಲಿ ಸೂಜಿಮೊನೆಯಂಥ ತೂತುಗಳು ಕಾಣಿಸಿದರೆ ಹೊತ್ತು ಮೀರುತ್ತಿದೆ ಅಂತ ಅರ್ಥ, ತಕ್ಷಣ ಓವನ್‌ಗೆ ಇಡಿ. ಎರಡು ಪಟ್ಟು ಆದಾಗ ಗಾಳಿಯ ಗುಳ್ಳೆಗಳ ಗೋಡೆ ತುಂಬಾ ತೆಳ್ಳಗಾಗಿರುತ್ತೆ. ಓವನ್‌ನಲ್ಲಿ ಇನ್ನಷ್ಟು ಹಿಗ್ಗಿ ಒಡೆಯುತ್ತೆ, ನಡು ಕುಸಿಯುತ್ತೆ. ನಿಮಗೆ ಆಗಿದ್ದು ಇದೇ ಅನ್ಸುತ್ತೆ.

ಬೇಯಿಸುವಾಗ ಮೊದಲ 20 ನಿಮಿಷ 220 ಡಿಗ್ರಿ, ಆಮೇಲೆ 200ಕ್ಕೆ ಇಳಿಸಿ ಇನ್ನೂ 45 ನಿಮಿಷ. ಬಣ್ಣ ನೋಡಿ ಮೋಸ ಹೋಗಬೇಡಿ, ಹೊರಗೆ ಕೆಂಪಗಾದ ಎಷ್ಟೋ ಹೊತ್ತಿನ ಮೇಲೂ ಒಳಗಿನ ನೀರು ಹಾಗೇ ಇರುತ್ತೆ. ಜಾಸ್ತಿ ಕಂದಾಗುತ್ತಿದ್ದರೆ ಮೇಲೆ ಫಾಯಿಲ್ ಮುಚ್ಚಿ. ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ ನಡುವಿನ ಬಿಸಿ 98 ಡಿಗ್ರಿ ಹತ್ತಿರ ಬರಬೇಕು.

ಇನ್ನು ಕಷ್ಟದ ಕೆಲಸ ಕಾಯುವುದು. ಟಿನ್‌ನಿಂದ ತೆಗೆದು ಜಾಲರಿ ಮೇಲಿಟ್ಟು ಪೂರ್ತಿ ತಣ್ಣಗಾಗಲು ಬಿಡಿ, ಕಡಿಮೆ ಅಂದರೂ ಮೂರು ಗಂಟೆ. ಸ್ಟಾರ್ಚ್ ಗಟ್ಟಿಯಾಗಿ ಕೂರುವುದು ತಣ್ಣಗಾಗುವಾಗಲೇ, ಬಿಸಿಯಲ್ಲಿ ಚಾಕು ಹಾಕಿದರೆ ಚೆನ್ನಾಗಿ ಬೆಂದ ಬ್ರೆಡ್ ಕೂಡ ಅಂಟುತ್ತೆ. ಮಾರನೇ ದಿನಕ್ಕೇ ಬಿರುಸಾಗುತ್ತೆ, ಆದ್ದರಿಂದ ತಣ್ಣಗಾದ ದಿನವೇ ಹೋಳು ಮಾಡಿ ಫ್ರೀಜರ್‌ನಲ್ಲಿಟ್ಟು ಬೇಕಾದಾಗ ಟೋಸ್ಟ್ ಮಾಡಿಕೊಳ್ಳಿ.

ಯಾರಿಗಾಗಿ ಮಾಡುತ್ತಿದ್ದೀರಿ ಅಂತ ನೀವು ಹೇಳಿಲ್ಲ. ಸೀಲಿಯಾಕ್ ಇರುವವರಿಗಾದರೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಗೋಧಿ ಜರಡಿ, ಮರದ ಹಲಗೆ, ಟೋಸ್ಟರ್ ಯಾವುದನ್ನೂ ಹಂಚಿಕೊಳ್ಳಬೇಡಿ. ಗ್ಲುಟನ್ ಇಲ್ಲ ಅಂತ ಕರೆಯಲು ಅಂತರರಾಷ್ಟ್ರೀಯ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ, ಅಂದರೆ ಕಣ್ಣಿಗೆ ಕಾಣದಷ್ಟು ಪುಡಿ ಬಿದ್ದರೂ ಮೀರಬಹುದು. ಅಕ್ಕಿ, ಜೋಳದಲ್ಲಿ ಗ್ಲುಟನ್ ಇಲ್ಲದಿದ್ದರೂ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಬೆರೆಯುತ್ತೆ. ಪ್ಯಾಕೆಟ್ ಮೇಲೆ ಗ್ಲುಟನ್ ಇಲ್ಲ ಅಂತ ಬರೆದ ಹಿಟ್ಟನ್ನೇ ತನ್ನಿ.

ಅಂದ ಹಾಗೆ, ಕುಸಿದ ಆ ಬ್ರೆಡ್ ಎಸೆಯಬೇಡಿ. ತೆಳ್ಳಗೆ ಹೋಳು ಮಾಡಿ, 150 ಡಿಗ್ರಿಯಲ್ಲಿ ಗರಿಗರಿ ಆಗುವವರೆಗೆ ಒಣಗಿಸಿ, ಪುಡಿ ಮಾಡಿಟ್ಟರೆ ಕರಿಯುವ ತಿಂಡಿಗಳನ್ನು ಅದರಲ್ಲಿ ಹೊರಳಿಸಲು ಚೆನ್ನಾಗಿರುತ್ತೆ.